ಹತ್ತು ನಿಮಿಷದ ಮಾದಪ್ಪ

ಮೈಸೂರಿಗೆ ಓದೋಕೆ ಬಂದ ಮೇಲೆ ನಾವು ಮೊದಲು ಚೆನ್ನಾಗಿ ಕಲಿತದ್ದು ಸಿ ಪ್ರೋಗ್ರಾಮಿಂಗ್ ಅಲ್ಲ, ಊರಲ್ಲಿ ಎಲ್ಲೆಲ್ಲಿ ಏನೇನು ಫ್ರೀ ಅನ್ನೋದನ್ನ. ನಾವು ಅಂದ್ರೆ ಮೂರು ಜನ. ಮೂವರೂ ಚಾಮರಾಜನಗರ ತಾಲ್ಲೂಕಿನ ಕುದೇರಿನವರು. ಚಾಮುಲ್ ಡೇರಿ ಇರೋ ಊರು ಅಂದ್ರೆ ಕೆಲವರಿಗೆ ಗೊತ್ತಾಗುತ್ತೆ, ಉಳಿದವರಿಗೆ ಏನು ಹೇಳಿದ್ರೂ ಗೊತ್ತಾಗಲ್ಲ.

ಭಾನುವಾರ ಸಂಜೆ ಏಳಕ್ಕೆ ಅರಮನೆಯಲ್ಲಿ ಲಕ್ಷದ ಹತ್ತಿರ ಬಲ್ಬು ಒಂದೇ ಸಲ ಹತ್ತಿಕೊಳ್ಳುತ್ತೆ. ಮೊದಲ ಸಲ ನೋಡಿದಾಗ ಕರೆಂಟ್ ಬಿಲ್ ಎಷ್ಟು ಬರಬಹುದು ಅಂತ ಲೆಕ್ಕ ಹಾಕಿದ್ವಿ (ಒಬ್ಬ ಎಲೆಕ್ಟ್ರಿಕಲ್ ಬ್ರಾಂಚು). ಗಣೇಶನ ಹಬ್ಬಕ್ಕೆ ವಿ.ವಿ. ಮೊಹಲ್ಲಾ ಎಂಟನೇ ಕ್ರಾಸ್‌ನಲ್ಲಿ ದೊಡ್ಡ ದೊಡ್ಡವರ ಕಚೇರಿ ನಡೆಯುತ್ತೆ. ನಮಗೆ ರಾಗ ತಿಳಿಯಲ್ಲ, ಆದ್ರೂ ಹೋಗಿ ಕೂತಿದ್ದೀವಿ. ಒಂದು ಸಲ ತನಿ ಆವರ್ತನದ ಮಧ್ಯೆ ನಿದ್ದೆ ಹೊಡೆದದ್ದೂ ಉಂಟು. ದಸರಾಗೆ ಮುಂಚೆ ಮಾನಸಗಂಗೋತ್ರಿ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ಇರುತ್ತೆ. ಅಲ್ಲಿ ಕುಣಿಯೋರೂ ಸ್ಟೂಡೆಂಟ್ಸೇ, ಕೂಗೋರೂ ಸ್ಟೂಡೆಂಟ್ಸೇ.

ನಮ್ಮ ಮಾನ ಹೋದದ್ದು ದಸರಾದಲ್ಲಿ, ಅರಮನೆ ಮುಂದಿನ ವೇದಿಕೆಯಲ್ಲಿ. ಹಾಸ್ಟೆಲ್ಲಿನ ಹುಬ್ಬಳ್ಳಿ ಹುಡುಗ, ಮಂಗಳೂರು ಹುಡುಗ ಇಬ್ಬರನ್ನೂ ಕರ್ಕೊಂಡು ಹೋಗಿದ್ವಿ. ಪಾಸಿನವರಿಗೆ ಮುಂದೆ ಕುರ್ಚಿ, ನಾವು ಹಿಂದೆ. ಸಿನಿಮಾ ಗಾಯಕರು ಬರೋಕೆ ಇನ್ನೂ ಟೈಮಿತ್ತು, ಅಷ್ಟರಲ್ಲಿ ಕಂಸಾಳೆ ತಂಡ ಬಂತು. ಎಡಗೈಲಿ ಕಂಚಿನ ಬಟ್ಟಲು, ಬಲಗೈಲಿ ದಾರ ಕಟ್ಟಿದ ಚಪ್ಪಟೆ ತಾಳ. ಅದನ್ನ ಬೀಸಿ, ತಲೆ ಮೇಲಿಂದ, ಬೆನ್ನ ಹಿಂದಿಂದ, ಪಕ್ಕದವನ ಬಟ್ಟಲಿಗೂ ಹೊಡೆಯುತ್ತಾ ಕುಣಿದರು. ಒಂದು ಏಟೂ ತಪ್ಪಲಿಲ್ಲ. ನಾವು ಶಿಳ್ಳೆ ಹೊಡೆದ್ವಿ, "ನಮ್ ಕಡೇದು ಇದು, ನಮ್ ಕಡೇದು" ಅಂತ ಜಂಬ ಬೇರೆ ಕೊಚ್ಚಿದ್ವಿ.

ಹುಬ್ಬಳ್ಳಿಯವನು ಕೇಳಿದ: "ಹೌದಾ? ಹಂಗಾದ್ರ ಏನ್ ಕತಿ ಹೇಳಾಕತ್ತಾರ ಅವ್ರು?"

ಮೂವರೂ ಮುಖ ಮುಖ ನೋಡಿಕೊಂಡ್ವಿ. ಮಾದಪ್ಪನ ಕತೆ ಅಂತ ಗೊತ್ತು. ಮುಂದೆ? 'ಜನುಮದ ಜೋಡಿ' ಸಿನಿಮಾದಲ್ಲಿ ಶಿವಣ್ಣ ಇದನ್ನ ಹಿಡ್ಕೊಂಡು ಕುಣಿದಿದ್ದಾರೆ ಅಂತ ಗೊತ್ತು. ಅಷ್ಟೇ. ಕೊನೆಗೆ ಒಬ್ಬ "ಅದೊಂದು ಫೋಕ್ ಡ್ಯಾನ್ಸ್ ಮಗಾ" ಅಂದ. ಮಂಗಳೂರಿನವನು ಏನೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು. ಯಾಕಂದ್ರೆ ಅವನು ಕಟೀಲು ಮೇಳದ ಹರಕೆ ಆಟದ ಬಗ್ಗೆ ಶುರು ಮಾಡಿದ್ರೆ ಯಾವ ವೇಷ ಯಾವಾಗ ಬರುತ್ತೆ ಅಂತ ಮೆಸ್ಸಿನ ಟೇಬಲ್ ಬಡಿದು ತೋರಿಸ್ತಾನೆ. ಅದಕ್ಕೂ ಟಿಕೆಟ್ಟಿಲ್ಲ.

ಇನ್ನೊಂದು ವಿಷಯ ಅಲ್ಲಿ ನಾವು ಹೇಳಲಿಲ್ಲ. ನಮ್ಮ ಮೂವರಲ್ಲಿ ಒಬ್ಬನ ತಾತ ದೇವರಗುಡ್ಡ. ಯಾರ ತಾತ ಅಂತ ಬರೆಯೋದು ಬೇಡ ಅಂತ ಮೂವರೂ ಒಪ್ಪಿಕೊಂಡಿದ್ದೀವಿ, ತಪ್ಪು ಮೂವರದ್ದೂ ಆದ್ದರಿಂದ. ಆ ಮನೆಯ ಗೋಡೆಗೆ ಒಂದು ಜೊತೆ ಕಂಸಾಳೆ ನೇತು ಹಾಕಿದೆ. ತಾತ ಹಾಡೋಕೆ ಹೊರಟರೆ ಮನೆಮನೆಯವರು ಮೊರದಲ್ಲಿ ರಾಗಿ ತಂದು ಜೋಳಿಗೆಗೆ ಸುರಿಯೋರು. ನಾವು ಆಗ ವ್ಯಾನ್ ಹತ್ತಿ ಇಂಗ್ಲಿಷ್ ಮೀಡಿಯಂ ಸ್ಕೂಲಿಗೆ ಹೋಗ್ತಿದ್ವಿ. ಜೋಳಿಗೆ ಹಿಡಿದ ತಾತ ವ್ಯಾನಿಗೆ ಎದುರಾದರೆ ಮೂವರೂ ಆ ಕಡೆ ಕಿಟಕಿಗೆ ತಿರುಗಿಕೊಳ್ತಿದ್ವಿ. ಭಿಕ್ಷೆ ಅಂತ ಯಾರಾದ್ರೂ ಅಂದುಬಿಟ್ರೆ ಅನ್ನೋ ಭಯ. ರಾತ್ರಿ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕತೆ ಹಾಡೋಕೆ ಕೂತರೆ "ನಾಳೆ ಟೆಸ್ಟು" ಅಂತ ಬಾಗಿಲು ಹಾಕ್ಕೊಂಡು ಒಳಗಿರ್ತಿದ್ವಿ. ಹತ್ತು ಹೆಜ್ಜೆ ಆಚೆ, ಪಾಸಿಲ್ಲ, ಚೆಕಿಂಗ್ ಇಲ್ಲ. ಅದೇ ತಾಳವನ್ನ ನೂರಾರು ಜನರ ಹಿಂದೆ ನಿಂತು, ಕತ್ತು ಚಾಚಿ ನೋಡಿದ್ದು ದಸರಾದಲ್ಲಿ.

ಆವತ್ತು ಹಾಸ್ಟೆಲ್ಲಿಗೆ ಬಂದಾಗ ಮೆಸ್ ಮುಚ್ಚಿತ್ತು. ಬಿಸ್ಕೆಟ್ ತಿಂದು ಮಲಗಿದ್ವಿ. ಫ್ರೀ ಕಾರ್ಯಕ್ರಮದ ಖರ್ಚು ಇಂಥವು.

ಮುಂದಿನ ವಾರ ಊರಿಗೆ ಹೋದಾಗ ಮೂವರೂ ತಾತನ ಹತ್ರ ಹೋಗಿ ಕೂತ್ವಿ. ಅರಮನೆಯಲ್ಲಿ ನೋಡಿದ್ದನ್ನ ಹೇಳಿದ್ವಿ. ತಾತ ಕೇಳಿದ್ದು ಒಂದೇ: "ಎಷ್ಟೊತ್ತು ಬುಟ್ರು ಅವ್ರ್ನ?"

"ಹತ್ತು ನಿಮಿಷ ತಾತ."

"ಅತ್ತು ನಿಮಿಷ್ಕ ಮಾದಪ್ಪ ಉಟ್ಟೋಕೂ ಆಗಲ್ಲ ಕಣ್ರಪ್ಪ."

ನಕ್ಕುಬಿಟ್ವಿ. ತಾತ ನಗಲಿಲ್ಲ. ಅವರಿಗೆ ಅದು ಲೆಕ್ಕ. ಮಾದಪ್ಪ ಬರಬೇಕು, ಸುತ್ತೂರು ಮಠದಲ್ಲಿ ರಾಗಿ ಬೀಸಬೇಕು, ದೇವರುಗಳನ್ನೇ ಸೆರೆ ಹಿಡಿದ ಶ್ರವಣ ದೊರೆಯನ್ನ ಮುಗಿಸಬೇಕು, ಆಮೇಲೆ ಸಂಕಮ್ಮನ ಮನೆಗೆ ಹೋಗಬೇಕು. ಇದೆಲ್ಲಾ ಬರೆದಿಟ್ಟಿರೋ ದಪ್ಪ ಪುಸ್ತಕಗಳಿವೆ. ಪಿ.ಕೆ. ರಾಜಶೇಖರ 1973ರಲ್ಲೇ ಈ ಕಾವ್ಯವನ್ನ ಸಂಗ್ರಹಿಸಿ ಅಚ್ಚು ಹಾಕಿಸಿದ್ದಾರೆ. ತಾತನಿಗೆ ಪುಸ್ತಕ ಬೇಡ, ಅವರು ಎಲ್ಲಿಂದ ಕೇಳಿದ್ರೂ ಅಲ್ಲಿಂದ ಎತ್ತಿಕೊಳ್ತಾರೆ.

ಸಂಕಮ್ಮನ ಸಾಲಿನಿಂದ ಹೇಳಿ ಅಂದ್ವಿ. ಗೋಡೆಯಿಂದ ಕಂಸಾಳೆ ಇಳಿಸಿ ಒರೆಸಿ ಶುರು ಮಾಡಿದ್ರು. ಸೋಲಿಗರ ಸಂಕಮ್ಮ, ಗಂಡ ನೀಲೇಗೌಡ. ಜೇನು ಕೀಳೋಕೆ ಕಾಡಿಗೆ ಹೊರಟವನು, ವಾಪಸ್ ಬರೋ ತನಕ ಪತಿವ್ರತೆಯಾಗಿರ್ತೀನಿ ಅಂತ ಭಾಷೆ ಕೊಡು ಅಂತ ಹೆಂಡತಿಯನ್ನ ಹಿಂಸೆ ಮಾಡ್ತಾನೆ. ಅವಳು ಕೊಡಲ್ಲ ಅಂತಾಳೆ. ಫೋನಲ್ಲಿ ರೆಕಾರ್ಡ್ ಮಾಡ್ತಿದ್ದ ನಮಗೆ ಕೆಲವು ಪದ ಅರ್ಥವೇ ಆಗಲಿಲ್ಲ, ಅಜ್ಜಿ ಮಧ್ಯೆ ಮಧ್ಯೆ ಬಿಡಿಸಿ ಹೇಳಿದ್ರು. ಅಷ್ಟರಲ್ಲಿ ಡೇರಿಗೆ ಹಾಲು ಹಾಕೋ ಹೊತ್ತಾಯ್ತು. ತಾತ ಕಂಸಾಳೆ ಕೆಳಗಿಟ್ಟು ಕ್ಯಾನ್ ತಗೊಂಡು ಎದ್ದರು.

ರೆಕಾರ್ಡಿಂಗ್ ನಲವತ್ತೇಳು ನಿಮಿಷ ಇದೆ. ಹಾಸ್ಟೆಲ್ಲಿನಲ್ಲಿ ಹುಬ್ಬಳ್ಳಿಯವನಿಗೆ ಕೇಳಿಸಿದ್ವಿ. ಈಗ ದಿನಾ ಮೆಸ್ಸಿನಲ್ಲಿ ಹಿಡ್ಕೊಂಡು ಕೇಳ್ತಾನೆ, ಮುಂದೇನಾತು ಅಂತ. ಇಂಟರ್ನಲ್ಸ್ ಮುಗಿಯೋ ತನಕ ಊರಿಗೆ ಹೋಗೋಕಾಗಲ್ಲ. ನೀಲೇಗೌಡ ಇನ್ನೂ ಮನೆ ಬಿಟ್ಟಿಲ್ಲ.