ಲೆವೆಲ್ ಕೂಡಿದ ದಿನ

ರೈಲು ಹಳಿಗಳು ಮೀಟರ್ ಗೇಜ್ ಹೋಗಿ ಅಗಲದ ಬ್ರಾಡ್ ಗೇಜ್ ಆಗುತ್ತಿದ್ದ ಕಾಲ, 1990ರ ದಶಕ. ಚಿಕ್ಕಜಾಜೂರಿನ ಕಡೆ ಅಳತೆಗೆ ಬಂದ ತಂಡದಲ್ಲಿ ಬಿ.ದುರ್ಗದ ನಮ್ಮ ದೊಡ್ಡಪ್ಪ ಸ್ಟಾಫ್, ಅಂದರೆ ಅಳತೆಕೋಲು, ಹಿಡಿಯುವ ಕೆಲಸಕ್ಕೆ ಸೇರಿದ್ದರು. ಬೇಸಿಗೆ ರಜೆಯಲ್ಲಿದ್ದ ನಾನೂ ಬೆನ್ನು ಹತ್ತಿದೆ. ನನಗೆ ಸಿಕ್ಕಿದ್ದು ಕೊಡೆ ಹಿಡಿಯುವ ಕೆಲಸ. ನೆರಳು ಬೇಕಿದ್ದದ್ದು ನೆಲದ ಮಟ್ಟ ಅಳೆಯುವ ಡಂಪಿ ಲೆವೆಲ್ಲಿಗೆ. ಬಿಸಿಲು ತಾಗಿದರೆ ಗಾಜಿನ ಕೊಳವೆಯೊಳಗಿನ ಗುಳ್ಳೆ ಜಾಗ ಬಿಡುತ್ತದೆ. ಗುಳ್ಳೆ ನಡುವೆ ನಿಲ್ಲದಿದ್ದರೆ ಓದಿದ ಅಂಕಿ ಸುಳ್ಳಾಗುತ್ತದೆ.

ಮುಕ್ಕಾಲಿಯ ಮೇಲೆ ಕೂತ ಗಿಡ್ಡ ದುರ್ಬೀನು ಅದು. ವಿಲಿಯಂ ಗ್ರಾವಟ್ ಎಂಬ ಎಂಜಿನಿಯರ್ 1832ರಲ್ಲಿ ಇಂಗ್ಲೆಂಡಿನಲ್ಲಿ ರೂಪಿಸಿದ ಉಪಕರಣದ ವಂಶದ್ದು. ಒಮ್ಮೆ ಕಣ್ಣಿಟ್ಟು ನೋಡಿದೆ: ಕೆಂಪು, ಕಪ್ಪು ಅಂಕಿಗಳ ಕೋಲೂ ಅದನ್ನು ಹಿಡಿದ ದೊಡ್ಡಪ್ಪನೂ ತಲೆಕೆಳಗು! ಹಳೆಯ ಲೆವೆಲ್ಲುಗಳಲ್ಲಿ ಕಾಣುವುದೇ ಹಾಗೆ. ಎಂಜಿನಿಯರ್ ಮಾತ್ರ ಆ ಅಂಕಿಗಳನ್ನು ಸರಾಗವಾಗಿ ಓದಿ ಲೆವೆಲ್ ಪುಸ್ತಕಕ್ಕೆ ಇಳಿಸುತ್ತಿದ್ದರು.

ಎತ್ತರ ಗೊತ್ತಿರುವ ಕಲ್ಲಿನಿಂದ, ಅಂದರೆ ಬೆಂಚ್ ಮಾರ್ಕಿನಿಂದ, ಹೊರಟ ಅಳತೆ ಸಂಜೆ ಅದೇ ಕಲ್ಲಿಗೆ ಮರಳಬೇಕು, ಲೆಕ್ಕವೂ ಕೂಡಬೇಕು. ಅಂದು ಐದು ಸೆಂಟಿಮೀಟರ್ ವ್ಯತ್ಯಾಸ. ಸುಸ್ತಾಗಿದ್ದವರೆಲ್ಲ ಎಂಜಿನಿಯರ್ ಮುಖ ನೋಡಿದರು.

"ಯಜಮಾನ್ರೇ, ನಾಳೆ ಮತ್ತೆ ಮೊದಲಿಂದ," ಅಂದರು ಎಂಜಿನಿಯರ್.

"ಆಗ್ಲಿ ಸಾರ್. ಮೊದ್ಲು ಈ ಕೋಲು ನೋಡ್ತೀನಿ," ಎಂದ ದೊಡ್ಡಪ್ಪ, ಒಂದರೊಳಗೊಂದು ಸೇರುವ ಸ್ಟಾಫನ್ನು ಪೂರ್ತಿ ಎಳೆದು ನಿಲ್ಲಿಸಿದರು. ಮೇಲಿನ ಭಾಗ ಮೆಲ್ಲಗೆ ಜಾರಿ ಮೂರು ಬೆರಳಿನಷ್ಟು ಕೆಳಗಿಳಿಯಿತು. ತಡೆಹಿಡಿಯುವ ಕೊಕ್ಕೆ ಸವೆದಿತ್ತು.

ಮರುದಿನ ಬೇರೆ ಕೋಲು ತಂದು ಇಡೀ ದಾರಿ ಮತ್ತೆ ಅಳೆದರು. ಸಂಜೆ ಲೆಕ್ಕ ಮಿಲಿಮೀಟರುಗಳಲ್ಲೇ ಕೂಡಿತು. ಎಂಜಿನಿಯರ್ ಎದ್ದು ಬಂದು ದೊಡ್ಡಪ್ಪನ ಕೈ ಹಿಡಿದುಕೊಂಡರು.

ಐದು ಸೆಂಟಿಮೀಟರಿಗೆ ಇಷ್ಟೇಕೆ ಅನ್ನಬೇಡಿ. ನೂರು ಮೀಟರಿಗೆ ಒಂದು ಮೀಟರ್ ಏರಿದರೇ ತುಂಬಿದ ಗೂಡ್ಸ್ ಗಾಡಿಗೆ ಏದುಸಿರು. ತಪ್ಪಿದ ಮಟ್ಟದ ಮೇಲೆ ಕಟ್ಟಿದ ಮೋರಿಯಲ್ಲಿ ಮಳೆಗಾಲದ ನೀರು ಸರಿಯಾಗಿ ಹರಿಯದು.

ನಾವು ಅಳೆದ ಈ ಮಾರ್ಗ ಮೊದಲು ಬೆಂಗಳೂರಿನಿಂದ ತುಮಕೂರು, ಅರಸೀಕೆರೆ, ಬೀರೂರು ದಾಟಿ ಹರಿಹರ ಮುಟ್ಟಿದ್ದು 1889ರಲ್ಲಿ. ಸರಪಳಿ ಎಳೆದು, ಲೆವೆಲ್ ಇಟ್ಟು, ಕೋಲು ನೆಟ್ಟಗೆ ಹಿಡಿದು ನಿಂತವರ ದುಡಿಮೆ ಅದರ ಪ್ರತಿ ಏರು ಇಳಿವಿನಲ್ಲಿದೆ. ಲೆವೆಲ್ ಪುಸ್ತಕದಲ್ಲಿ ಅಂಕಿಗಳ ಪಕ್ಕ ಆ ಕೂಲಿಯವರ ಹೆಸರಿಗೂ ಒಂದು ಕಾಲಂ ಇರಬೇಕಿತ್ತು.