ಪಾಕಕ್ರಮ

‘ವಾಕ್ಯವನ್ನು ಮೊದಲು ಪೂರ್ತಿಯಾಗಿ ಓದು, ಅನಂತರ ಅನ್ವಯಮಾಡು’ ಎಂದು ಮೂವತ್ತು ವರ್ಷಕಾಲ ಮಕ್ಕಳಿಗೆ ಬೋಧಿಸಿದವನು ನಾನು. ಆ ಬೋಧೆಯನ್ನು ನಾನೇ ಮರೆತು, ಕಳೆದ ಆಷಾಢದ ಒಂದು ಭಾನುವಾರ ಮನೆಮಂದಿಯನ್ನೆಲ್ಲ ಮೂರು ಗಂಟೆಯವರೆಗೆ ಉಪವಾಸ ಕೆಡವಿದ ಸಂಗತಿಯನ್ನು ವಾಚಕರಲ್ಲಿ ಅರಿಕೆಮಾಡಿಕೊಳ್ಳುವೆನು.

ಶಿವಮೊಗ್ಗೆಯ ಸವಳಂಗ ರಸ್ತೆಯಲ್ಲಿ ನಮ್ಮ ವಾಸ. ವರ್ಷದ ಹಿಂದೆ ನನ್ನ ಗೃಹಿಣಿಗೆ ಪಕ್ಷವಾತವು ತಗುಲಿ ಬಲಗೈ ನಿಶ್ಶಕ್ತವಾಯಿತು, ಮಾತೂ ತೊದಲಿತು. ಅಂದಿನಿಂದ ಪಾಕಶಾಲೆಯ ಭಾರ ನನ್ನದು. ಅದುವರೆಗೆ ಆ ಕೋಣೆಯಲ್ಲಿ ನಾನು ಅತಿಥಿಯೇ ಹೊರತು ಯಜಮಾನನಲ್ಲ. ಸಾರಿನ ಪುಡಿಯ ಡಬ್ಬಿ ಎಲ್ಲಿದೆಯೆಂದು ಮೂವತ್ತೈದು ವರ್ಷಗಳಲ್ಲಿ ಒಮ್ಮೆಯಾದರೂ ಕೇಳಲಿಲ್ಲವೆಂಬ ನಾಚಿಕೆ ಈಗಲೂ ಉಂಟು.

ನಮ್ಮ ಮಗಳು ಇದೇ ರಸ್ತೆಯ ನವುಲೆಯ ಕಡೆ ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಮೊಬೈಲಿನ ಆ್ಯಪ್‌ಗಳನ್ನು ರಚಿಸುವ ಕೆಲಸದಲ್ಲಿರುವಳು. ಅಡುಗೆಯನ್ನು ಸುಲಭಗೊಳಿಸುವ ಒಂದು ಸೌಕರ್ಯವನ್ನು ಯೋಜಿಸುತ್ತಿದ್ದ ಅವಳು, ಅಂದು ಮನೆಗೆ ಬಂದಿದ್ದಾಗ ನನ್ನ ಮೇಲೆಯೇ ಅದನ್ನು ಪರೀಕ್ಷಿಸಿದಳು. ಮಳೆಗಾಲದ ಕೆಸುವಿನೆಲೆ ಬಂದಿತ್ತು. ಪತ್ರೊಡೆ ಮಾಡುವುದೆಂದು ನಿಶ್ಚಯವಾಯಿತು. ನಾನು ಮೊಬೈಲನ್ನು ನೋಡುತ್ತ ಎಲೆ ತೊಳೆದೆನು, ನಾರು ತೆಗೆದೆನು, ಹುಣಿಸೆ ಬೆಲ್ಲಗಳನ್ನು ಅಣಿಗೊಳಿಸಿದೆನು. ನಾಲ್ಕನೆಯ ಪಂಕ್ತಿಯಲ್ಲಿ ‘ನೆನೆದ ಅಕ್ಕಿಯನ್ನು ರುಬ್ಬಿ’ ಎಂದಿತ್ತು. ಆಗ ಗಂಟೆ ಹನ್ನೊಂದೂವರೆ. ಅಕ್ಕಿಯು ಡಬ್ಬಿಯಲ್ಲಿ ಒಣಗಿಯೇ ಇತ್ತು!

ಹಸಿದು ಕುಳಿತವನಿಗೆ ಮೀಮಾಂಸಾಶಾಸ್ತ್ರದ ಒಂದು ವಿಚಾರ ನೆನಪಾಯಿತು. ವೇದದಲ್ಲಿ ಅಗ್ನಿಹೋತ್ರದ ಹೋಮವನ್ನು ಹೇಳಿದ ಮೇಲೆ ಯವಾಗುವೆಂಬ ಗಂಜಿಯನ್ನು ಬೇಯಿಸುವ ಮಾತು ಬರುತ್ತದೆ. ಗಂಜಿಯಿಂದಲೇ ಹೋಮವಾಗತಕ್ಕದ್ದಾದುದರಿಂದ, ಓದಿನ ಕ್ರಮವನ್ನು ಬಿಟ್ಟು ಪ್ರಯೋಜನದ ಕ್ರಮವನ್ನು ಹಿಡಿಯಬೇಕು. ಪಾಠಕ್ರಮಕ್ಕಿಂತ ಅರ್ಥಕ್ರಮವೇ ಬಲವತ್ತರ ಎಂಬುದು ಮೀಮಾಂಸಕರ ನಿರ್ಣಯ. ಇದನ್ನು ಮಗಳಿಗೆ ಹೇಳಲು ಅವಳು, ‘ಅಪ್ಪಾ, ನನಗೆ ಬೇಕಾದುದು ಇದೇ’ ಎಂದು ಬರೆದುಕೊಂಡಳು. ಈಗ ಅವಳ ಆ್ಯಪ್ ಮೊದಲು ಕೇಳುವುದು ‘ಊಟ ಎಷ್ಟು ಗಂಟೆಗೆ?’ ಎಂದು. ಅಲ್ಲಿಂದ ಹಿಂದಕ್ಕೆ ಎಣಿಸಿ, ‘ಎಂಟು ಗಂಟೆಗೆ ಅಕ್ಕಿಯನ್ನು ನೆನೆಹಾಕಿ’ ಎಂದು ಬೆಳಿಗ್ಗೆಯೇ ಎಚ್ಚರಿಸುತ್ತದೆ.

ಉಳಿದ ಪಾಠಗಳನ್ನು ಅವಳು ಕಲಿತದ್ದು ತಾಯಿಯಿಂದ. ಗೃಹಿಣಿಯು ಬಾಗಿಲ ಬಳಿಯ ಕುರ್ಚಿಯಿಂದ ಒಮ್ಮೆಗೆ ಒಂದೇ ಮಾತು ಹೇಳುವಳು. ನಾನು ‘ಆಯಿತು’ ಎಂದಲ್ಲದೆ ಮುಂದಿನದನ್ನು ನುಡಿಯಳು. ಹಿಟ್ಟು ಮೆತ್ತಿದ ಕೈಯಿಂದ ಮೊಬೈಲನ್ನು ಮುಟ್ಟುವುದೆಂತು? ಆದುದರಿಂದ ಆ್ಯಪ್ ಕೂಡ ಒಂದೊಂದು ಹಂತವನ್ನೇ ಕನ್ನಡದಲ್ಲಿ ನುಡಿದು, ‘ಆಯಿತು’ ಎಂಬುದನ್ನು ಕೇಳಿ ಮುಂದುವರಿಯುವುದು. ನಾಲ್ವರ ಅಳತೆಯನ್ನು ಎಂಟು ಜನಕ್ಕೆ ಹಿಗ್ಗಿಸುವಾಗ ಅಕ್ಕಿಯನ್ನು ಇಮ್ಮಡಿಸುವುದು. ಬೇಯುವ ಕಾಲವನ್ನು ಇಮ್ಮಡಿಸದು.

ಪಾಕವನ್ನು ಲೇಖನಕ್ಕಿಳಿಸುವ ಪ್ರಯತ್ನ ನಮ್ಮಲ್ಲಿ ಹೊಸದಲ್ಲ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ಲೋಕೋಪಕಾರದಲ್ಲಿ ಅಡುಗೆಗೂ ಸ್ಥಳವನ್ನಿತ್ತನು. ಸುಮಾರು 1508ರಲ್ಲಿ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ವಾರ್ಧಕ ಷಟ್ಪದಿಯಲ್ಲಿ ರಚಿಸಿದನು. ನಮ್ಮ ಜಿಲ್ಲೆಯ ಕೆಳದಿಯ ಅರಸು ಬಸವರಾಜನ ಶಿವತತ್ತ್ವರತ್ನಾಕರದಲ್ಲಿಯೂ ಪಾಕದ ವಿಚಾರವುಂಟು. ಕೈ ಖಾಲಿಯಿಲ್ಲದವನಿಗೆ ಕಂಠಸ್ಥವಾದ ಪದ್ಯವೇ ಆಗಿನ ಮೊಬೈಲಾಗಿದ್ದಿರಬಹುದು.

ಆದರೂ ಹದವೆಂಬುದೊಂದು ಉಳಿಯಿತು. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳಿವೆ. ಹುಣಿಸೆ ಸಾಲದಿದ್ದರೆ, ಚೆನ್ನಾಗಿ ಬೇಯದಿದ್ದರೆ ಗಂಟಲು ತುರಿಸುವುದು. ಇದನ್ನು ನಿಮಿಷದ ಲೆಕ್ಕದಿಂದಲೇ ಹೇಳಲಾಗದು. ಹದದ ಮಾತುಗಳನ್ನು ತಾಯಿಯ ಧ್ವನಿಯಲ್ಲಿಯೇ ಮುದ್ರಿಸಿಕೊಳ್ಳುವೆನೆಂದು ಮಗಳು ಬೇಡಿದಳು. ಗೃಹಿಣಿಯು ಒಪ್ಪಲಿಲ್ಲ. ಕಾಯಿಲೆಯ ಮೇಲೆ ಅವಳು ನೆಂಟರೆದುರು ಮಾತನಾಡುವುದನ್ನೇ ಬಿಟ್ಟಿದ್ದಳು. ‘ಈ ತೊದಲನ್ನು ಯಾರು ಕೇಳುತ್ತಾರೆ?’ ಎಂದು ಮುಖ ತಿರುಗಿಸಿದಳು. ನನಗೆ ಏನು ಹೇಳಲೂ ತೋಚಲಿಲ್ಲ. ಕಡೆಗೆ, ‘ನಾನು ಕೇಳುತ್ತೇನೆ, ಇಷ್ಟು ವರ್ಷ ಕೇಳಲಿಲ್ಲ’ ಎಂದೆನು.

ನಾಲ್ಕು ದಿನ ಹಿಡಿಯಿತು. ‘ಎಲೆಗೆ ಹಚ್ಚಿದ ಹಿಟ್ಟು ಜಾರಬಾರದು’ ಎಂಬ ಒಂದು ವಾಕ್ಯಕ್ಕೆ ಆರು ಸಲ ಪ್ರಯತ್ನಿಸಿದಳು. ಆರನೆಯದೂ ಪೂರ್ಣ ಸ್ಪಷ್ಟವಲ್ಲ. ಮಗಳು ಅದನ್ನೇ ಉಳಿಸಿಕೊಂಡಳು.

ಶ್ರಾವಣದಲ್ಲಿ ಮತ್ತೆ ಪತ್ರೊಡೆ ಮಾಡಿದೆನು. ಗೃಹಿಣಿಯು ಒಳಕೋಣೆಯಲ್ಲಿ ಮಲಗಿದ್ದಳು. ಅವಳ ಧ್ವನಿಯು ಮೊಬೈಲಿನಿಂದ ಬರುತ್ತಿತ್ತು. ಕಡೆಯ ಹಂತದಲ್ಲಿ ನಾನು ‘ಆಯಿತು’ ಎಂದೆನು. ಮೊಬೈಲು ಒಪ್ಪಿಕೊಂಡಿತು. ಒಳಗಿನಿಂದ ಮಾತ್ರ ನಿಧಾನವಾಗಿ ಮಾತು ಕೇಳಿಬಂದಿತು: ‘ಇನ್ನೂ ಇಲ್ಲ. ಬೆಂದ ಎಲೆಯ ವಾಸನೆ ಇಲ್ಲಿಗೆ ಬಂದಿಲ್ಲ.’

ನಾನು ಮುಚ್ಚಳವನ್ನು ಪುನಃ ಮುಚ್ಚಿದೆನು.