ಅರ್ಧಕ್ಕೆ ಬಿಟ್ಟ ಕೆಲಸ



ಈ ಸಲ ಪಾಠದ ವಿಷಯ ಬರೆಯುತ್ತಿಲ್ಲ. ಪಠ್ಯಪುಸ್ತಕ ತಡವಾಗಿ ಬಂದದ್ದು, ಖಾಲಿ ಹುದ್ದೆ, ಮಕ್ಕಳ ಸಂಖ್ಯೆ... ನಾವು ಗಡಿನಾಡ ಕನ್ನಡ ಮೇಷ್ಟ್ರುಗಳು ಸೇರಿದಾಗೆಲ್ಲ ಇವನ್ನೇ ಮಾತಾಡುತ್ತೇವೆ. ನಾವು ಬಾಯಿ ಬಿಡದ ವಿಷಯವೂ ಒಂದಿದೆ. ಒಪ್ಪಿಕೊಂಡ ಕೆಲಸವನ್ನು, ಮನಸ್ಸಿಗೆ ಹುಷಾರಿಲ್ಲ ಅಂತ ಅರ್ಧಕ್ಕೆ ಬಿಡುವುದು.

2023ರಲ್ಲಿ ನಾನು ಹಾಗೆ ಒಂದು ಕೆಲಸ ಬಿಟ್ಟೆ. ಅದನ್ನು ಈಗ ಬರೆಯಲು ಕಾರಣವಿದೆ. ನಮ್ಮ ಶಾಲೆಗಳಲ್ಲಿ ಓದಿದ ಹುಡುಗ ಹುಡುಗಿಯರು ಈಗ ಅನುವಾದ, ಡಿಟಿಪಿ, ವಿಡಿಯೋ ಪಾಠಕ್ಕೆ ದನಿ ಕೊಡುವುದು, ಹೀಗೆ ಕರಾರಿನ ಮೇಲೆ ಮನೆಯಲ್ಲೇ ಕೂತು ದುಡಿಯುತ್ತಿದ್ದಾರೆ. ಮೊನ್ನೆ ಅಂಥ ಒಬ್ಬ ಹಳೆಯ ವಿದ್ಯಾರ್ಥಿನಿ ಫೋನಿನಲ್ಲಿ, "ಸರ್, ನಿದ್ದಿನೇ ಬರವಲ್ದು. ಆದ್ರ ನಡುವ ಬಿಟ್ರ ಹೆಸರು ಕೆಡ್ತದಲ್ರಿ" ಅಂದಳು. ಆಕೆಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳೋಣ ಅನ್ನಿಸಿತು.

ನಿವೃತ್ತಿಯಾದ ಮೇಲೆ ಒಂದು ಪ್ರಕಾಶನ ಸಂಸ್ಥೆಯವರು ನನಗೆ ಆರು ಅಭ್ಯಾಸ ಪುಸ್ತಕಗಳನ್ನು ತೆಲುಗಿನಿಂದ ಕನ್ನಡಕ್ಕೆ ತರಲು ಕೊಟ್ಟರು. ಪುಟಕ್ಕೆ ಇಷ್ಟು ಅಂತ ಹಣ, ಆರು ತಿಂಗಳ ಗಡುವು, ಸ್ವಲ್ಪ ಮುಂಗಡ. ಸಂತೋಷದಿಂದಲೇ ಸಹಿ ಹಾಕಿದೆ. ಹೊರಗಿನವರಿಗೆ ಇದು ಸುಲಭದ ಕೆಲಸ ಅನ್ನಿಸಬಹುದು. ಲಿಪಿಗಳು ಅಕ್ಕತಂಗಿಯರಂತಿವೆ, ಪದಗಳೂ ಹತ್ತಿರ. ಆದರೆ ಆ ಹತ್ತಿರವೇ ತೊಡಕು. ತೆಲುಗಿನ ಕ.ಸಾ.ಗು. ನಮ್ಮಲ್ಲಿ ಲ.ಸಾ.ಅ. ಆಗಬೇಕು. ಕಿರಣಜನ್ಯ ಸಂಯೋಗಕ್ರಿಯೆ ದ್ಯುತಿಸಂಶ್ಲೇಷಣೆ ಆಗಬೇಕು. ನಮ್ಮ ಮಗು ಓಣಿಯಲ್ಲಿ ತೆಲುಗು, ಮನೆಯಲ್ಲಿ ನಮ್ಮ ಕಡೆಯ ಕನ್ನಡ, ಪುಸ್ತಕದಲ್ಲಿ ಬೆಂಗಳೂರಿನ ಕನ್ನಡ ನೋಡುತ್ತದೆ. ಯಾವ ಪದ ಅದಕ್ಕೆ ತಿಳಿಯುತ್ತದೆ ಅಂತ ಪ್ರತಿ ಸಾಲಿನಲ್ಲೂ ನಿಂತು ಯೋಚಿಸಬೇಕು.

ಮೂರು ಪುಸ್ತಕ ಮುಗಿದವು. ನಾಲ್ಕನೆಯದರಲ್ಲಿ ನಿಂತೆ.

ನಿಂತದ್ದು ಒಂದೇ ದಿನಕ್ಕಲ್ಲ. ಮೊದಲು ನಿದ್ದೆ ಹೋಯಿತು. ರಾತ್ರಿ ಮೂರಕ್ಕೆ ಎಚ್ಚರ, ಆಮೇಲೆ ಬೆಳಗಿನವರೆಗೂ ಕಣ್ಣು ಬಿಟ್ಟುಕೊಂಡೇ ಮಲಗುವುದು. ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಡುತ್ತಿದ್ದೆ. ಒಂದು ಪ್ಯಾರಾ ಹತ್ತು ಸಲ ಓದಿದರೂ ತಲೆಗೆ ಹತ್ತುತ್ತಿರಲಿಲ್ಲ. ಮೂವತ್ತು ವರ್ಷ ಕಲಿಸಿದ ಭಿನ್ನರಾಶಿ ನನಗೇ ಅಪರಿಚಿತವಾಗಿತ್ತು. ಫೋನ್ ಬಡಿದರೆ ಎದೆ ಬಡಿದುಕೊಳ್ಳುತ್ತಿತ್ತು. ಒಂದು ದಿನ ಮನೆಯವರು, "ಏನಾಗ್ಯದ ನಿಮಗ? ಮಕ್ಕಳ ಸಂಗಡನೂ ಮಾತು ಬಿಟ್ಟೀರಿ. ರಾಯಚೂರಿಗಿ ಹೋಗೋಣ ನಡೀರಿ" ಅಂದರು.

ಮಕ್ತಲ್‌ನಿಂದ ಶಕ್ತಿನಗರದ ಹತ್ತಿರ ಕೃಷ್ಣಾ ಸೇತುವೆ ದಾಟಿದರೆ ರಾಯಚೂರು. ಮೈಯ ನೋವನ್ನು ತೆಲುಗಿನಲ್ಲೂ ಹೇಳಬಲ್ಲೆ. ಮನಸ್ಸಿನ ನೋವಿಗೆ ನನಗೆ ಕನ್ನಡವೇ ಬೇಕಿತ್ತು. ಅಲ್ಲಿನ ಮನೋವೈದ್ಯರು ಅರ್ಧ ಗಂಟೆ ಕೇಳಿಸಿಕೊಂಡು, "ಇದು ಖಿನ್ನತೆ. ಸಕ್ಕರೆ ಕಾಯಿಲೆ, ಬಿಪಿ ಇದ್ದ ಹಾಗೆ ಇದಕ್ಕೂ ಚಿಕಿತ್ಸೆ ಇದೆ. ಗಡುವಿನ ಕೆಲಸ ಮಾತ್ರ ಸದ್ಯಕ್ಕೆ ಬೇಡ" ಅಂದರು.

ಮಾತ್ರೆ ನುಂಗುವುದು ಕಷ್ಟವಾಗಲಿಲ್ಲ. ಕೆಲಸ ಬಿಡುತ್ತೇನೆ ಅನ್ನುವುದು ಕಷ್ಟವಾಯಿತು. ಯಾಕೆ?

ನೌಕರಿಯಲ್ಲಿದ್ದಾಗ ಜ್ವರ ಬಂದರೆ ಮೆಡಿಕಲ್ ಲೀವ್ ಇತ್ತು. ಕರಾರಿನ ಕೆಲಸಕ್ಕೆ ರಜೆ ಚೀಟಿ ಅನ್ನುವುದೇ ಇಲ್ಲ. ಇರುವುದು ಎರಡೇ, ಮಾಡುವುದು ಅಥವಾ ಬಿಡುವುದು. ಇದು ಎಲ್ಲ ಊರಿನಲ್ಲೂ ಇರುವ ಕಾರಣ. ನಮ್ಮ ಕಡೆ ಇನ್ನೊಂದು ಸೇರುತ್ತದೆ.

1956ರಲ್ಲಿ ಭಾಷಾವಾರು ಗೆರೆ ಎಳೆದಾಗ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಕ್ಕೆ ಬಂದವು. ಉಳಿದ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು. 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ಗದ್ವಾಲ ಜಿಲ್ಲೆಯಾಯಿತು, 2019ರಲ್ಲಿ ನಾರಾಯಣಪೇಟೆ ಜಿಲ್ಲೆಯಾಯಿತು. ಗೆರೆಗಳು ಬದಲಾಗುತ್ತ ಹೋದವು; ಕನ್ನಡದಲ್ಲಿ ಗಣಿತ, ವಿಜ್ಞಾನ ಬರೆಯಬಲ್ಲ ಕೈಗಳು ಮಾತ್ರ ಬೆರಳೆಣಿಕೆಯಷ್ಟೇ. ಹಾಗಾಗಿ ನಮ್ಮಲ್ಲಿ ಯಾವ ಕೆಲಸ ಹಿಡಿದರೂ "ನಾನು ಬಿಟ್ಟರೆ ಇನ್ನು ಯಾರು?" ಅನ್ನುವ ಮಾತು ಬೆನ್ನಿಗೇ ಬರುತ್ತದೆ. ಈ ಮಾತು ನಮ್ಮ ಶಾಲೆಗಳನ್ನು ಇಷ್ಟು ದಿನ ಉಳಿಸಿದೆ, ನಿಜ. ಆದರೆ ಕಾಯಿಲೆ ಬಿದ್ದವನ ಕಿವಿಯಲ್ಲಿ ಇದೇ ಮಾತು ಹಗಲೂ ರಾತ್ರಿ ಗುಂಯ್‌ಗುಡುತ್ತದೆ. ಕೆಲಸ ಸಾಗುವುದಿಲ್ಲ, ಬಿಡುವುದಕ್ಕೂ ಆಗುವುದಿಲ್ಲ. ಇನ್ನೊಬ್ಬರನ್ನು ಹುಡುಕುವ ಹೊತ್ತೂ ಅದರಲ್ಲೇ ಕಳೆದುಹೋಗುತ್ತದೆ.

ವೈದ್ಯರನ್ನು ಕಂಡ ವಾರದಲ್ಲೇ ಪತ್ರ ಬರೆದೆ. ಉದ್ದವಿರಲಿಲ್ಲ. ಆರೋಗ್ಯದ ಕಾರಣದಿಂದ ಈ ತಾರೀಖಿನಿಂದ ಕೆಲಸ ಮುಂದುವರಿಸಲಾರೆ. ಮೂರು ಪುಸ್ತಕ ಪೂರ್ತಿ ಆಗಿವೆ. ನಾಲ್ಕನೆಯದರ ಇಷ್ಟು ಪುಟ ಆಗಿದೆ, ತಿದ್ದಿಲ್ಲ. ಪದಗಳ ಪಟ್ಟಿ ಜೊತೆಗಿದೆ. ಮಾಡಿದಷ್ಟಕ್ಕೆ ಲೆಕ್ಕ ಮಾಡಿ, ಮುಂಗಡ ಅದರಲ್ಲಿ ಮುರಿದುಕೊಳ್ಳಿ. ಇಷ್ಟೇ. ಕಾಯಿಲೆಯ ಹೆಸರು ಬರೆಯಲಿಲ್ಲ.

ಮೊದಲು ಬಂದ ಉತ್ತರ ಬಿಸಿಯಾಗಿತ್ತು. ಕರಾರಿನಲ್ಲಿದ್ದ ದಂಡದ ಸಾಲನ್ನು ಎತ್ತಿ ತೋರಿಸಿದ್ದರು. ಗದ್ವಾಲದಲ್ಲಿ ವಕೀಲಿ ಮಾಡುವ ನನ್ನ ಹಳೆಯ ವಿದ್ಯಾರ್ಥಿಗೆ ಕಾಗದ ಕಳಿಸಿದೆ. ಅವನು ನಕ್ಕ. "ಸರ್, ಯಾವ ಕೋರ್ಟೂ ನಿಮ್ಮನ್ನ ಹಿಡಿದು ಕೂಡಿಸಿ ಅನುವಾದ ಮಾಡ್ಸೂದಿಲ್ರಿ. ನೀವು ಸುಮ್ಮ ಮಲಗ್ರಿ."

ಆಮೇಲೆ ಬಿಡಿಸಿ ಹೇಳಿದ. ವ್ಯಕ್ತಿಯ ಸ್ವಂತ ಯೋಗ್ಯತೆಯನ್ನೇ ನಂಬಿದ ಕರಾರನ್ನು ಬಲವಂತವಾಗಿ ಮಾಡಿಸುವಂತಿಲ್ಲ ಅಂತ 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 14ನೇ ಕಲಮು ಹೇಳುತ್ತದೆ. ದಂಡದ ವಿಷಯ 1872ರ ಕರಾರು ಕಾಯಿದೆಯ 74ನೇ ಕಲಮಿನಲ್ಲಿದೆ. ಕಾಗದದಲ್ಲಿ ಎಷ್ಟೇ ಮೊತ್ತ ಬರೆದಿದ್ದರೂ ಕೋರ್ಟು ಕೊಡಿಸುವುದು ಸಮಂಜಸ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಮೇಲ್ಮಿತಿ. ಹಾಗಂತ ಕರಾರಿಗೆ ಬೆಲೆ ಇಲ್ಲ ಅಂತಲ್ಲ. ನಾವು ಬಿಟ್ಟದ್ದರಿಂದ ಆದ ನಷ್ಟವನ್ನು ಕೇಳಲು ಅವರಿಗೂ ದಾರಿ ಇದೆ. ಅದಕ್ಕೇ ಬೇಗ ತಿಳಿಸಬೇಕು, ಬರಹದಲ್ಲಿ ತಿಳಿಸಬೇಕು, ಆದ ಕೆಲಸವನ್ನು ಅಚ್ಚುಕಟ್ಟಾಗಿ ಒಪ್ಪಿಸಬೇಕು. ಕೊನೆಗೆ ಅವರು ಮೂರು ಪುಸ್ತಕದ ಹಣ ಲೆಕ್ಕ ಮಾಡಿ ಕೊಟ್ಟರು. ದಂಡದ ಮಾತು ಮತ್ತೆ ಬರಲಿಲ್ಲ.

ಉಳಿದ ಪುಸ್ತಕಗಳನ್ನು ನಾರಾಯಣಪೇಟೆಯ ಇಬ್ಬರು ಯುವ ಶಿಕ್ಷಕಿಯರು ಮಾಡಿದರು. ಅಂಥವರು ಇದ್ದಾರೆ ಅಂತ ನನಗೆ ಗೊತ್ತಾದದ್ದೇ ಆಗ. ನನ್ನ ಪದಪಟ್ಟಿಯಲ್ಲಿ ಕೆಲವನ್ನು ಬದಲಾಯಿಸಿದ್ದರು. ಓದಿ ನೋಡಿದೆ, ಮಕ್ಕಳಿಗೆ ಅವರ ಪದಗಳೇ ಹಗುರ.

ನಮ್ಮ ಹುಡುಗರಿಗೆ ಕ್ರಿಕೆಟ್ ಉದಾಹರಣೆ ಬೇಗ ಹತ್ತುತ್ತದೆ. 2024ರ ಏಪ್ರಿಲ್‌ನಲ್ಲಿ ಬೆಂಗಳೂರು ತಂಡದ ಮ್ಯಾಕ್ಸ್‌ವೆಲ್, ಮೈಗೂ ಮನಸ್ಸಿಗೂ ವಿಶ್ರಾಂತಿ ಬೇಕು, ಬೇರೆಯವರನ್ನು ಆಡಿಸಿ ಅಂತ ತಾವೇ ನಾಯಕನಿಗೆ ಹೇಳಿ ಹೊರಗೆ ಕೂತರು. 2019ರಲ್ಲೂ ಮಾನಸಿಕ ಆರೋಗ್ಯದ ಕಾರಣ ಹೇಳಿ ಆಸ್ಟ್ರೇಲಿಯಾ ತಂಡದಿಂದ ಬಿಡುವು ಪಡೆದಿದ್ದರು. ತಂಡ ಮುಳುಗಿತೇ? ಆ ವರ್ಷ ಬೆಂಗಳೂರು ಸತತ ಆರು ಪಂದ್ಯ ಗೆದ್ದು ಪ್ಲೇಆಫ್ ಸೇರಿತು. ಮ್ಯಾಕ್ಸ್‌ವೆಲ್ ಕೂಡ ಅದೇ ಸೀಸನ್ನಿನಲ್ಲಿ ಮರಳಿ ಆಡಿದರು. ನಮ್ಮ ಕೊಡಗಿನ ರಾಬಿನ್ ಉತ್ತಪ್ಪ 2009ರಿಂದ 2011ರವರೆಗೆ ತಾವು ಖಿನ್ನತೆಯಲ್ಲಿ ಬೆಂದದ್ದನ್ನು 2020ರಲ್ಲಿ ಎಲ್ಲರೆದುರು ಹೇಳಿದರು. ಅವರನ್ನು ಯಾರೂ ಕೀಳಾಗಿ ಕಾಣಲಿಲ್ಲ.

ಸಹಾಯ ಈಗ ಮೊದಲಿನಷ್ಟು ದೂರವಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ನೆರೆಯ ಬಳ್ಳಾರಿಯಲ್ಲಿ ಮಾಡಿ ನೋಡಿದ ಪ್ರಯೋಗವೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್‌ಗೆ 14416 ಒತ್ತಿದರೆ ಸಾಕು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ನಿಮ್ಮ ಕಾಯಿಲೆಯ ವಿವರವನ್ನು ಗುಟ್ಟಾಗಿಡುವುದು ಚಿಕಿತ್ಸೆ ಕೊಡುವವರ ಕರ್ತವ್ಯ ಅಂತ 2017ರ ಮಾನಸಿಕ ಆರೋಗ್ಯ ಕಾಯಿದೆಯೇ ಹೇಳಿದೆ.

ಕರಾರಿಗೆ ಸಹಿ ಹಾಕುವ ಮಕ್ಕಳಿಗೆ ನನ್ನದೊಂದು ಕಿವಿಮಾತು. ಕೊಡುವ ದಿನದ ಜೊತೆ ಬಿಡುವ ದಾರಿಯನ್ನೂ ಮೊದಲೇ ಬರೆಸಿಕೊಳ್ಳಿ. ಎಷ್ಟು ದಿನ ಮುಂಚೆ ತಿಳಿಸಬೇಕು, ಆದಷ್ಟಕ್ಕೆ ಹಣ ಹೇಗೆ ಅಂತ ಕೇಳಿ. ಆದ ಕೆಲಸವನ್ನು ಆಗಾಗ ಕಳಿಸುತ್ತಿರಿ. ನಿಮ್ಮ ಕೆಲಸ ಬಲ್ಲ ಇನ್ನೊಬ್ಬರ ಹೆಸರು ಡೈರಿಯಲ್ಲಿರಲಿ.

ಮತ್ತೆ, ಬಿಡಬೇಕಾಗಿ ಬಂದರೆ ತಲೆ ತಗ್ಗಿಸಬೇಡಿ. ಕೊಟ್ಟ ಮಾತು ಮುರಿಯುವುದು ಹೇಳದೆ ಮಾಯವಾದಾಗ. ಹೇಳಿ, ಲೆಕ್ಕ ಒಪ್ಪಿಸಿ ಹೊರಟವರದು ಮಾತು ಉಳಿಸಿಕೊಂಡಂತೆಯೇ. ಆ ಹುಡುಗಿ ಮರುವಾರ ಪತ್ರ ಬರೆದು ಕಳಿಸಿದಳಂತೆ. "ಈಗ ಸ್ವಲ್ಪ ನಿದ್ದಿ ಹತ್ಲಿಕತ್ಯದ ಸರ್" ಅಂದಳು. ಸದ್ಯಕ್ಕೆ ಅಷ್ಟು ಸಾಕು.